ದಾನವ್ವನ ಹದಿನೇಳು ಕೋಳಿಗಳು

ಸಿಂಗಪುರದ ಸೆರಂಗೂನ್ ಗಾರ್ಡನ್ಸ್‌ನ ಹಳೆಯ ಟೆರೇಸ್ ಮನೆಯೊಂದರಲ್ಲಿ ಮೇಲಿನ ಕೋಣೆ ಬಾಡಿಗೆಗೆ ಕೇಳಲು ಹೋದ ದಿನ ದಾನವ್ವ ಆಂಟಿ ನನಗೆ ಹಾಕಿದ್ದು ಒಂದೇ ಷರತ್ತು.

"ಮಟನ್, ಚಿಕನ್, ತತ್ತಿ, ಯಾವುದೂ ಈ ಹೊಸ್ತಿಲ ದಾಟಂಗಿಲ್ಲವ್ವ."

ತತ್ತಿ ಎಂದರೆ ಮೊಟ್ಟೆ ಎಂದು ಬೆಂಗಳೂರಿನವಳಾದ ನನಗೂ ಅರ್ಥವಾಯಿತು. ಪಾಯಾ ಲೆಬಾರ್‌ನ ನನ್ನ ಆಫೀಸಿಗೆ ಅಲ್ಲಿಂದ ಒಂದೇ ಬಸ್ಸು. ಒಪ್ಪಿಕೊಂಡೆ. ಮೊಟ್ಟೆ ಬೇಕೆನಿಸಿದರೆ ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್ ಇದ್ದೇ ಇದೆಯಲ್ಲ. ಆದರೆ ಮಾತು ಮುಗಿಸಿ ಹಿತ್ತಲಿಗೆ ಕಣ್ಣು ಹಾಯಿಸಿದರೆ, ಕರಿಬೇವಿನ ಗಿಡದ ಬುಡದಲ್ಲಿ ಐದು ಕೋಳಿಗಳು ಆರಾಮವಾಗಿ ಮಣ್ಣು ಕೆದಕುತ್ತಿದ್ದವು.

ದಾನವ್ವ ಗದಗಿನ ಲಿಂಗಾಯತರ ಮನೆಯಲ್ಲಿ ಹುಟ್ಟಿದವರು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ಚಹಾ ಕುಡಿದವರಲ್ಲ. ಹಡಗುಕಟ್ಟೆಯಲ್ಲಿ ಎಂಜಿನಿಯರ್ ಆಗಿದ್ದ ಗಂಡ ಗುರುಶಾಂತಪ್ಪನವರ ಜೊತೆ ಸಿಂಗಪುರಕ್ಕೆ ಬಂದು ಮೂವತ್ತೆರಡು ವರ್ಷ. ಅಂಥವರ ಹಿತ್ತಲಿಗೆ ಕೋಳಿ ಬಂದದ್ದು ಪಕ್ಕದ ಮನೆಯ ಓಂಗ್ ಅಂಕಲ್‌ರಿಂದ. ಅವರು ಮನೆ ಮಾರಿ ಪುಂಗೋಲ್‌ನಲ್ಲಿ ಮಗನ ಫ್ಲ್ಯಾಟಿಗೆ ಹೊರಟರು. ಸರ್ಕಾರಿ ಫ್ಲ್ಯಾಟುಗಳಲ್ಲಿ ಕೋಳಿ ಸಾಕುವಂತಿಲ್ಲ. ಹಿತ್ತಲಿರುವ ಸ್ವಂತ ಮನೆಯಾದರೆ ಹತ್ತರವರೆಗೆ ಸಾಕಬಹುದು. ನೀವು ಇಟ್ಟುಕೊಳ್ಳದಿದ್ದರೆ ಇವು ಸಾರಿಗೇ ಹೋಗಬೇಕು ಎಂದು ಓಂಗ್ ಅಂಕಲ್ ಹೇಳಿದ್ದೇ ತಡ, ದಾನವ್ವ ಬುಟ್ಟಿಗೆ ಕೈ ಚಾಚಿದರಂತೆ.

"ಗದಗಿನ್ಯಾಗ ಕೋಳಿ ನೆರಳು ಬಿದ್ದರ ಅಂಗಳ ಸಾರಿಸಾಕಿ," ಎಂದು ಗುರುಶಾಂತಪ್ಪನವರು ನನ್ನೆದುರೇ ಹೆಂಡತಿಯನ್ನು ಛೇಡಿಸಿದರು. "ಈಗ ನೋಡು, ನನಗಿಂತ ಮೊದಲು ಅವಕ್ಕ ಜ್ವಾಳ."

"ಅವು ಊಟಕ್ಕ ಹೆಸರಿಡಂಗಿಲ್ಲ, ಅದಕ್ಕ," ಎಂದರು ದಾನವ್ವ.

ಐದರಲ್ಲಿ ನಾಲ್ಕು ಹೇಂಟೆ. ಐದನೆಯದೂ ಹೇಂಟೆಯೇ ಎಂದು ನಂಬಿ ಅದಕ್ಕೆ ನೀಲಾ ಎಂದು ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ನೀಲಾ ಗೋಡೆ ಹತ್ತಿ ಗಂಟಲು ಹರಿಯುವಂತೆ ಕೂಗಿತು! ಹೆಸರು ಮಾತ್ರ ಬದಲಾಗಲಿಲ್ಲ.

ಕೋಳಿ ಸಾಕಿದ ಯಾರೂ ಮಾಡದ ತಪ್ಪನ್ನು ದಾನವ್ವ ಮಾಡಿದ್ದು ಇಲ್ಲಿ. ಗೂಡಿನಲ್ಲಿ ಬಿದ್ದ ಮೊಟ್ಟೆಗಳನ್ನು ಅವರು ಮುಟ್ಟಲೇ ಇಲ್ಲ. "ತಾಯಿ ಮುಂದಿನ ಕೂಸು ಎತ್ತಿದ ಪಾಪ ನನಗ ಬ್ಯಾಡ," ಎಂದುಬಿಟ್ಟರು. ನನಗಾದರೂ ಬುದ್ಧಿ ಬೇಡವೇ? ಷರತ್ತು ನೆನಪಿಸಿಕೊಂಡು ಬಾಯಿ ಮುಚ್ಚಿಕೊಂಡೆ. ಹೇಂಟೆಗಳು ಕಾವಿಗೆ ಕುಳಿತವು. ಮೊದಲು ಏಳು ಮರಿ, ಆಮೇಲೆ ಐದು. ದಾನವ್ವನ ಸಂಭ್ರಮ ಹೇಳತೀರದು. ಹೆತ್ತ ಮಕ್ಕಳಿಲ್ಲದ ಆ ಮನೆಯಲ್ಲಿ ಬಾಣಂತನ ನಡೆದಂತಿತ್ತು.

ಎದುರು ಮನೆಯಲ್ಲಿ ನೈಟ್ ಡ್ಯೂಟಿಯ ನರ್ಸ್ ಒಬ್ಬರಿದ್ದರು. ಪಾಪ, ಅವರು ಬಂದು ಮಲಗುವ ಹೊತ್ತಿಗೆ ಸರಿಯಾಗಿ ನೀಲಾನ ಸಂಗೀತ. ಸರ್ಕಾರಿ ಇಲಾಖೆಗೆ ದೂರು ಹೋಯಿತು. ತಪ್ಪು ಅವರದೆಂದು ನಾನು ಹೇಳಲಾರೆ.

ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಎರಡು ಸಲ ಎಣಿಸಿ, "ಆಂಟಿ, ಸೆವೆಂಟೀನ್. ಲಿಮಿಟ್ ಟೆನ್ ಲಾ," ಎಂದು ಸಿಂಗಪುರದ ಧಾಟಿಯಲ್ಲಿ ಹೇಳಿದಳು. ಹುಂಜವನ್ನು ಮಧ್ಯಾಹ್ನದವರೆಗೆ ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೆ ಸಾಕೆಂದು ನರ್ಸ್ ಒಪ್ಪಿದ್ದರು. ಆದರೆ ಏಳು ಕೋಳಿ ಎರಡು ವಾರದೊಳಗೆ ಹೋಗಲೇಬೇಕು.

"ಮೊಟ್ಟೆ ಯಾಕೆ ದಿನಾ ತೆಗೆಯಲಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಾವು ವೆಜಿಟೇರಿಯನ್," ಎಂದರು ದಾನವ್ವ.

ಕಾವು ಸಿಗುವವರೆಗೆ ಮೊಟ್ಟೆಯೊಳಗೆ ಮರಿ ಬೆಳೆಯುವುದಿಲ್ಲ, ಇಟ್ಟ ದಿನವೇ ತೆಗೆದಿದ್ದರೆ ಇವತ್ತು ಯಾರನ್ನೂ ಕಳಿಸಬೇಕಾಗಿರಲಿಲ್ಲ ಎಂದು ಹುಡುಗಿ ಮೆಲ್ಲಗೆ ವಿವರಿಸಿದಳು. ದಾನವ್ವ ಜೋಳದ ಬಟ್ಟಲು ಕೆಳಗಿಟ್ಟು ಮರಿಗಳನ್ನು ತಾವೂ ಒಮ್ಮೆ ಎಣಿಸಿದರು.

ಏಳು ಮರಿಗಳನ್ನು ಒಯ್ಯಲು ಒಪ್ಪಿದ್ದು ಓಂಗ್ ಅಂಕಲ್‌ರ ಸೋದರಳಿಯ; ಅವನು ಕ್ರಾಂಜಿ ಕಡೆ ತೋಟ ಮಾಡಿಕೊಂಡಿದ್ದ. ವ್ಯಾನಿಗೆ ಬುಟ್ಟಿ ಏರಿಸುವಾಗ ದಾನವ್ವ ಅವನ ತೋಳು ಹಿಡಿದು, ಕೊಲ್ಲುವುದಿಲ್ಲ ತಾನೇ ಎಂದು ಕೇಳಿದರು. ಆತ ಸುಳ್ಳು ಹೇಳಲಿಲ್ಲ. ಹೇಂಟೆಗಳಾದರೆ ಸಾಕುತ್ತೇನೆ, ಹುಂಜಗಳ ಬಗ್ಗೆ ಮಾತು ಕೊಡಲಾರೆ ಎಂದ. ಮರಿಗಳಿನ್ನೂ ಚಿಕ್ಕವು. ನೀಲಾ ಹುಂಜವೆಂದೇ ಗುರುತಿಸಲಾರದವರು ಇವುಗಳಲ್ಲಿ ಹುಂಜ ಯಾವುದೆಂದು ಹೇಗೆ ಗುರುತಿಸುತ್ತಾರೆ? ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ದಾನವ್ವ ಗೇಟಿನಲ್ಲೇ ನಿಂತಿದ್ದರು. ಆ ದಿನ ಒಲೆ ಹಚ್ಚಲಿಲ್ಲ. ಗುರುಶಾಂತಪ್ಪನವರೂ ಛೇಡಿಸಲಿಲ್ಲ, ತಾವೇ ಅವಲಕ್ಕಿ ಕಲಸಿ ಮುಂದಿಟ್ಟರು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ನಿಯಮ ನ್ಯಾಯವಾದದ್ದೇ, ನರ್ಸಿಗೆ ನಿದ್ದೆ ಬೇಕು, ತೋಟದವನು ಪ್ರಾಮಾಣಿಕ. ಕೊಲ್ಲಬಾರದೆಂದು ಕೈ ಹಿಂದೆಗೆದವರೇ ಏಳು ಜೀವಗಳನ್ನು ಕತ್ತಿಯ ದಾರಿಗೆ ಕಳಿಸಿದಂತಾಯಿತಲ್ಲ ಎಂದು ಸಂಕಟವಾಯಿತು.

ಮರುದಿನ ನಾನು ಆಫೀಸಿಗೆ ಹೊರಟಾಗ ದಾನವ್ವ ಗೂಡಿನ ಮುಂದೆ ಕುಳಿತಿದ್ದರು. ಸ್ನಾನ ಆಗಿತ್ತು, ಪೂಜೆ ಆಗಿರಲಿಲ್ಲ. ಲಿಂಗ ಹಿಡಿಯುವ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಲಗೈಯನ್ನು ಹೇಂಟೆಯ ಹೊಟ್ಟೆಯಡಿ ತೂರಿಸಿದರು. ಹೇಂಟೆ ಕುಕ್ಕಿತು. ಕೈ ಹಿಂದೆಗೆಯಲಿಲ್ಲ. ಒಂದು ಮೊಟ್ಟೆ ತೆಗೆದು, ಎದ್ದು ನನ್ನ ಬಳಿ ಬಂದರು.

"ಗಾರ್ಗಿ, ಹಿಡಿ."

"ಆಂಟಿ, ನಾನಾ? ಮನೇಲಿ ಮೊಟ್ಟೆ..."

"ನೀ ಹೊರಗ ತಿಂತಿ, ನನಗ ಗೊತ್ತೈತಿ. ಇನ್ನ ದಿನಾ ಒಯ್ದು ಯಾರಿಗರ ಕೊಡು. ಎದುರು ಮನಿ ನರ್ಸಿಗೂ ಕೊಡು. ಇದ್ದ ಹತ್ತು ಉಳೀಬೇಕಂದ್ರ ಇದು ಹೋಗಬೇಕು."

ಮೊಟ್ಟೆ ಇನ್ನೂ ಬೆಚ್ಚಗಿತ್ತು. ಅವರ ಬೆರಳ ಮೇಲೆ ಹೇಂಟೆ ಕುಕ್ಕಿದ ಕಡೆ ರಕ್ತ ಜಿನುಗುತ್ತಿತ್ತು. ಅದನ್ನು ಒರೆಸದೆಯೇ ಅವರು ಇನ್ನೊಮ್ಮೆ ಸ್ನಾನಕ್ಕೆ ಹೋದರು.