ಎಂಟನೆಯ ದಿನವೋ, ಮೂರನೆಯ ದಿನವೋ

ಅಥವಾ ಮೊದಲು ಸೆಟೆದದ್ದು ಮಗಳ ಬಲಗೈಯೇ ಇರಬಹುದು. ಎಡಗೈ ಎಂದು ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡರು. ಈಗ ನನಗೂ ಎಡಗೈಯೇ ನೆನಪಿಗೆ ಬರುತ್ತದೆ. ನಿಜ ಹೇಳಬೇಕೆಂದರೆ ನಾನು ಒಲೆಯ ಕಡೆ ಮುಖ ಮಾಡಿ ಮುದ್ದೆ ತೊಳಸುತ್ತಿದ್ದೆ. ತಿರುಗಿದಾಗ ಎರಡು ವರ್ಷದ ರತ್ನಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ಫಿಟ್ಸ್.

ಚಿನ್ನದ ಗಣಿ ಕೂಲಿಗಳ ಉರಿಗಾಂ ಲೈನಿನ ಮನೆಯಿಂದ ಆಸ್ಪತ್ರೆಗೆ ಅವಳನ್ನು ಎತ್ತಿಕೊಂಡು ಓಡಿದೆ. ಹಿಂದೆಯೇ ಅತ್ತೆ. ಮಗುವಿನ ತೋಳಿನಲ್ಲಿ ಸಿಡುಬಿನ ವ್ಯಾಕ್ಸಿನ್ ಹಾಕಿದ ಜಾಗದ ಗುಳ್ಳೆ ಇನ್ನೂ ಹಸಿಯಾಗಿತ್ತು.

"ದೇವಿ ಹಾಕಿಸಿ ಎಷ್ಟು ದಿನ ಆಯ್ತು?" ಡಾಕ್ಟರು ಕೇಳಿದರು.

"ಎಂಟು," ಎಂದೆ.

"ಮೂರು ಸಾಮಿ," ಎಂದರು ಅತ್ತೆ. "ಎಂಟಂತೆ ಎಂಟು! ಇವಳ್ಗೇನ್ ಗೊತ್ತು?"

ಬಂಗಾರಪೇಟೆ ಕಡೆಯ ಹಳ್ಳಿಯವರಾದ ಅತ್ತೆಗೆ ಸೂಜಿ ಗೀರಿದ ದಿನ ಲೆಕ್ಕಕ್ಕಿಲ್ಲ. ಗುಳ್ಳೆ ಎದ್ದ ದಿನವೇ ಅಮ್ಮ ಮನೆಗೆ ಬಂದಂತೆ. ಒಗ್ಗರಣೆ ನಿಲ್ಲಿಸಿ, ಬಾಗಿಲಿಗೆ ಬೇವು ಸಿಕ್ಕಿಸಿ, ಅಂದಿನಿಂದ ಅವರು ಎಣಿಸುತ್ತಾರೆ. ನನ್ನ ಎಂಟೂ ಗಟ್ಟಿಯಲ್ಲ. ಸೂಜಿ ಹಾಕಿದ ದಿನ ನನ್ನ ಗಂಡ ಬೆಳಗಿನ ಪಾಳಿಗೆ ಗಣಿಗಿಳಿದಿದ್ದರು ಎಂಬುದೊಂದೇ ಗುರುತು.

ಡಾಕ್ಟರು ಎರಡನ್ನೂ ಬರೆದುಕೊಂಡರು. "ಮಿದುಳಿಗೆ ಏನಾದರೂ ಆಗಿದೆಯೋ, ಬರೀ ಜ್ವರದ ಫಿಟ್ಸೋ, ಈಗಲೇ ಹೇಳೋಕಾಗಲ್ಲಮ್ಮ."

ಆರು ದಿನ ವಾರ್ಡಿನಲ್ಲಿದ್ದೆವು. ಜ್ವರ ಇಳಿಯಿತು. ಎಡಗೈ ಮಾತ್ರ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮನೆಗೆ ಕಳಿಸುವಾಗ, ಎರಡೂ ಕೈ ಹಿಡಿಯುತ್ತವೆಯೇ ಎಂದು ದಿನವೂ ನೋಡಿ ಗುರುತಿಟ್ಟುಕೊಳ್ಳಲು ಹೇಳಿದರು.

ಗಣಿಯ ಸೈರನ್ ಕೂಗಿದಾಗಲೆಲ್ಲ ಅವಳ ಎಡಗೈಗೆ ನನ್ನ ಬೆರಳು ಕೊಡುತ್ತಿದ್ದೆ. ಹಿಡಿದರೆ ಡಬ್ಬಿಗೊಂದು ಹುಣಸೆ ಬೀಜ, ಹಿಡಿಯದಿದ್ದರೆ ಒಂದು ಕಡಲೆಕಾಯಿ. ಪಾಳಿ ಮುಗಿಸಿ ಬಂದವರೇ ಇವರು, ಮೈ ತೊಳೆಯುವ ಮೊದಲು, ಡಬ್ಬಿ ಅಲ್ಲಾಡಿಸಿ ಮಗಳನ್ನು ಕೇಳುತ್ತಿದ್ದರು: "ಏನಂತೀಯಮ್ಮಿ, ಇವತ್ತು ಬೀಜಾನಾ, ಕಾಯಾ?"

ನಾನು ಹಾಕಿದಷ್ಟು ಕಡಲೆಕಾಯಿ ಡಬ್ಬಿಯಲ್ಲಿ ಇರುತ್ತಿರಲಿಲ್ಲ. ಒಂದು ದಿನ ಒಲೆಯ ಬೂದಿಯಲ್ಲಿ ಸಿಪ್ಪೆ ಕಂಡಿತು.

"ನಾನೇ ತಿಂದೆ ಕಣಮ್ಮಿ," ಎಂದರು ಅತ್ತೆ. "ಕೂಸಿಗಾಗದಿರೋದನ್ನ ಡಬ್ಬೀಲಿ ಕೂಡಿಡ್ತಾರಾ ಯಾರಾದ್ರೂ? ಓಗು, ನಿನ್ ಡಾಕ್ಟರ್ಗೂ ಏಳು."

ಸಿಟ್ಟು ಬಂತು. ಅವರ ಕಣ್ಣು ನೋಡಿದೆ. ಸಿಟ್ಟು ಉಳಿಯಲಿಲ್ಲ. ಮೊಮ್ಮಗಳ ಸೋಲನ್ನು ಒಂದೊಂದಾಗಿ ಅಗಿದು ನುಂಗುತ್ತಿದ್ದರು ಅವರು.

ಮೊನ್ನೆ ರತ್ನ ಡಬ್ಬಿಯನ್ನೇ ಬೋರಲು ಹಾಕಿದಳು. ಚೆಲ್ಲಿದ ಬೀಜಗಳನ್ನು ಹೆಕ್ಕಿ ಅಜ್ಜಿಯ ಮಡಿಲಿಗೆ ಹಾಕಿದಳು.

ಎಡಗೈಯಲ್ಲಿ.

ಎರಡು ಕೆಳಗೆ ಬಿದ್ದವು. ಮತ್ತೆ ಹೆಕ್ಕಿದಳು.

ಡಾಕ್ಟರು ಇವತ್ತು ಕೇಳಿದರು, ಎಷ್ಟು ಸಲ ಹಿಡಿಯಲಿಲ್ಲ ಎಂದು. ಅತ್ತೆ ಕಿಟಕಿಯ ಕಡೆ ನೋಡಿದರು. ಗೊತ್ತಿಲ್ಲ ಎಂದೆ. ವ್ಯಾಕ್ಸಿನ್‌ನಿಂದಲೇ ಹೀಗಾಯಿತೇ ಎಂದು ನಾನು ಕೇಳಿದೆ. ಡಾಕ್ಟರೂ ಗೊತ್ತಿಲ್ಲ ಎಂದರು.