ಉಪ್ಪು ತಿನ್ನಿಸಿದ ಫೋನು

ಹಿರಿಯೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ ಇದೆ. ಚಾರ್ಜರ್ ವೈರು ಕೇಳಿಕೊಂಡು ಬಂದವರಿಗೆ ಫೋನನ್ನೇ ಕಟ್ಟಿ ಕಳಿಸಿದ ಖ್ಯಾತಿ ನನ್ನದು. ಅಂಥ ನನ್ನನ್ನು ಮೂರು ವರ್ಷ ಸತಾಯಿಸಿದವರು ಹರಿಯಬ್ಬೆಯ ತಿಮ್ಮರಾಯಪ್ಪ ಒಬ್ಬರೇ. ಅವರ ಫೋನಿಗೆ ಆರು ವರ್ಷ ತುಂಬಿತ್ತು. ಗಾಜು ಮೂರು ಕಡೆ ಸೀಳಿತ್ತು, ಪರದೆ ಅರಿಸಿನದ ನೀರು ಚೆಲ್ಲಿದ ಹಾಗೆ ಹಳದಿಯಾಗಿತ್ತು. ರಿಪೇರಿಗೆ ತಂದಾಗಲೆಲ್ಲ ನಾನು ಹೊಸದರ ಗುಣಗಾನ ಮಾಡುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಹಳೆಯದಕ್ಕೆ ಸುತ್ತಲು ಇನ್ನೊಂದು ರಬ್ಬರ್ ಬ್ಯಾಂಡ್ ಕೊಡು ಎನ್ನುತ್ತಿದ್ದರು.

ಕುರಿ ಸಾಕುವುದು ತಿಮ್ಮರಾಯಪ್ಪನವರಿಗೆ ಹಿರಿಯರಿಂದ ಬಂದದ್ದು. ಕುರಿ ನೋಡುವುದು ಅವರೇ ಸಂಪಾದಿಸಿದ್ದು. ಬಾಯಿ ತೆರೆದು ಹಲ್ಲು ಎಣಿಸಿ ವಯಸ್ಸು ಹೇಳುವುದು ಯಾರಿಗಾದರೂ ಬರುತ್ತದೆ. ಇವರು ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ ರಕ್ತ ಇದೆ, ಬಿಳುಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತುಹುಳ ತುಂಬಿದೆ. ಸಂತೆಯ ಹಿಂದಿನ ದಿನ ಉಪ್ಪು ನೆಕ್ಕಿಸಿ, ಬೆಳಗ್ಗೆ ಹೊಟ್ಟೆ ಬಿರಿಯ ನೀರು ಕುಡಿಸಿ, ಬಡಕಲು ಕುರಿಯನ್ನು ಕೊಬ್ಬಿದ ಕುರಿ ಎಂದು ಮಾರುವ ಜಾಣರಿದ್ದಾರೆ. ಅಂಥವರು ತಿಮ್ಮರಾಯಪ್ಪ ಬರುವುದನ್ನು ಕಂಡರೆ ಕುರಿಯ ಜೊತೆ ತಾವೂ ಮರದ ಹಿಂದೆ ಹೋಗಿ ನಿಲ್ಲುತ್ತಿದ್ದರು. ನಲವತ್ತು ವರ್ಷದಲ್ಲಿ ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಕೂಲಿ ಒಂದು ಟೀ.

ಐದು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ಸಂತೆ ಸುತ್ತುವುದು ನಿಂತು, ಸಂತೆಯೇ ಅವರ ಫೋನಿಗೆ ಬರತೊಡಗಿತು. ಹೊಳಲ್ಕೆರೆಯಿಂದ, ಚಿಕ್ಕಜಾಜೂರಿನಿಂದ, ಹೊಸದುರ್ಗದ ಕಡೆಯಿಂದ ಜನ ಕುರಿಯ ರೆಪ್ಪೆ ಎಳೆದು ವಿಡಿಯೊ ಕಳಿಸುತ್ತಿದ್ದರು. ಆ ಹಳದಿ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಇವರು ತೀರ್ಪು ಹೇಳುತ್ತಿದ್ದರು. ಆಮೇಲೆ ಹುಡುಗರು ಆಡಿಕೊಳ್ಳಲು ಶುರುಮಾಡಿದರು, ಆ ಫೋನಿನಲ್ಲಿ ಕುರಿ ಯಾವುದು ಮೇಕೆ ಯಾವುದು ಅನ್ನುವುದಾದರೂ ಅಜ್ಜನಿಗೆ ಕಾಣುತ್ತದೆಯೇ ಎಂದು. ಆದಿವಾಲದವರು ಇವರನ್ನು ಕೇಳದೆಯೇ ಒಂದು ಟಗರು ಕೊಂಡರು. ಅದು ಒಳ್ಳೆಯ ಟಗರೇ ಆಗಿದ್ದದ್ದು ತಿಮ್ಮರಾಯಪ್ಪನವರಿಗೆ ಇನ್ನೂ ಹೆಚ್ಚು ನೋವು ಕೊಟ್ಟಿತು. ನಾಳೆ ಯಾರೂ ಕೇಳದೇ ಹೋದರೆ ತಾನು ಮಂಡಿನೋವಿನ ಮುದುಕ ಅಷ್ಟೇ ಎಂಬ ಭಯ ಅವರಿಗೆ ಹತ್ತಿತು. ಮಾರನೆಯ ದಿನ ಅವರಾಗಿಯೇ ನನ್ನ ಅಂಗಡಿ ಮೆಟ್ಟಿಲು ಹತ್ತಿ, ಹೊಸದು ತೋರಿಸು ಅಂದರು.

ನಾನು ಈ ವರ್ಷದ ಮಾಡೆಲ್ ಒಂದನ್ನು ಶೋಕೇಸಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತೂಗಿದರು, ಬೆನ್ನು ಒತ್ತಿದರು, ಸಂದು ಸಂದಿನಲ್ಲಿ ಉಗುರಾಡಿಸಿದರು.

"ಇದರವ್ವ ಎಲ್ಲೈತೆ?" ಎಂದರು.

ತಾಯಿಯನ್ನು ನೋಡದೆ ಮರಿ ಕೊಳ್ಳುವ ಪದ್ಧತಿ ಅವರಲ್ಲಿಲ್ಲ. ಹೋದ ವರ್ಷದ ಮಾಡೆಲ್ಲನ್ನು ಪಕ್ಕದಲ್ಲಿಟ್ಟೆ. ಎರಡರಲ್ಲೂ ತಮ್ಮ ಅಂಗೈಯ ಫೋಟೊ ತೆಗೆದು ನೋಡಿ, ಇದು ಅದೇ ಕುರಿ, ಉಣ್ಣೆ ಕತ್ತರಿಸಿ ಹೊಸ ಹೆಸರಿಟ್ಟಿದ್ದೀರಿ ಅಷ್ಟೇ ಎಂದು ತೀರ್ಮಾನಿಸಿದರು. ಕಂಪನಿಯವರು ನನಗೆ ಎರಡು ದಿನ ತರಬೇತಿ ಕೊಟ್ಟು ಮುಚ್ಚಿಡಲು ಕಲಿಸಿದ್ದ ಗುಟ್ಟು ಅದು. ಆದರೆ ಆ ಪರದೆಯ ಬೆಳಕಿಗೆ ಅವರು ಸೋತರು. ಅಂಗೈಯ ಒಂದೊಂದು ಗೆರೆಯೂ ಕೆಂಪಗೆ ಎದ್ದು ಕಾಣುತ್ತಿತ್ತು. ನಾನೂ ಅವರ ಹಲ್ಲು ಎಣಿಸಬಹುದಾದಷ್ಟು ಬಾಯಿ ತುಂಬ ನಕ್ಕರು.

ಕುರಿ ವ್ಯಾಪಾರದಲ್ಲಿ ಅವರ ಕಡೆ ಮೂರು ದಿನದ ಮಾತು ಅಂತ ಒಂದಿದೆ. ಕೊಂಡ ಕುರಿ ಮೂರು ದಿನದೊಳಗೆ ಮೇವು ಬಿಟ್ಟರೆ ಮಾರಿದವನು ವಾಪಸ್ ತೆಗೆದುಕೊಳ್ಳಬೇಕು. ಆಮೇಲೆ ಹೊಣೆ ಕೊಂಡವನದು. ಫೋನಿಗೂ ಅದೇ ಮಾತಾಗಿ, ಶೋಕೇಸಿನ ಪೀಸನ್ನು ದುಡ್ಡು ಕೊಡದೆ ಮೂರು ದಿನಕ್ಕೆ ಒಯ್ದರು. ಎರಡನೆಯ ದಿನ ಲತಾಳ ವಿಡಿಯೊ ಬಂತು. ಲತಾ ಅವರ ತಮ್ಮನ ಮಗಳು, ಹೊಸದುರ್ಗದ ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಹೊಲಿಗೆಯಲ್ಲಿ ಕೂಡಿಟ್ಟ ಹಣದಲ್ಲಿ ಹನ್ನೆರಡು ಕುರಿ ಕೊಳ್ಳಬೇಕೆಂದು ಹೊರಟಿದ್ದಳು. ಹೊಸ ಪರದೆಯಲ್ಲಿ ಹನ್ನೆರಡರ ರೆಪ್ಪೆಯೂ ದಾಳಿಂಬೆ ಕಾಳಿನಂತೆ ಕೆಂಪು. ಕಣ್ಣು ಮುಚ್ಚಿಕೊಂಡು ಹಿಡಿಯವ್ವ ಎಂದು ಹೇಳಿ ಕಳಿಸಿದರು. ಮೂರನೆಯ ದಿನ ಬಂದು ದುಡ್ಡು ಕೊಟ್ಟರು. ಡಬ್ಬಿಯಲ್ಲಿದ್ದ ಹೊಸ ಪೀಸ್ ಕೊಡಲು ಹೋದರೆ ಬೇಡವೆಂದರು. ಮೂರು ದಿನ ಮೇಯಿಸಿ ನೋಡಿದ ಕುರಿಯೇ ಬೇಕು, ಅದರ ತಮ್ಮ ಬೇಡ ಎಂಬುದು ಅವರ ವಾದ. ಶೋಕೇಸಿನ ಪೀಸನ್ನೇ ಜೇಬಿಗಿಳಿಸಿ, ಹಳೆಯದನ್ನು ಹೆಂಡತಿ ಸಿದ್ದಕ್ಕನಿಗೆ ಕೊಟ್ಟರು. ನನ್ನ ಜನ್ಮದ ದೊಡ್ಡ ವ್ಯಾಪಾರ ಅದೇ ಎಂದು ನಾನು ಬೀಗುತ್ತಿದ್ದೆ.

ತಿಂಗಳು ಕಳೆಯುವುದರೊಳಗೆ ಅವರು ಮತ್ತೆ ಬಂದರು. ಎರಡೂ ಫೋನುಗಳನ್ನು ಟೇಬಲ್ಲಿನ ಮೇಲೆ ಜೋಡಿಸಿಟ್ಟು ಕುಳಿತರು. ಲತಾಳ ಮೂರು ಕುರಿ ಸತ್ತಿದ್ದವು. ಹೊಟ್ಟೆ ತುಂಬ ಹುಳ, ಮೈಯಲ್ಲಿ ರಕ್ತವೇ ಇರಲಿಲ್ಲ ಎಂದು ಪಶುವೈದ್ಯರು ಹೇಳಿದರಂತೆ. ಕುಂಟುತ್ತಲೇ ಎರಡು ಬಸ್ಸು ಹಿಡಿದು ಹೋಗಿ ಉಳಿದವುಗಳ ರೆಪ್ಪೆ ಎಳೆದು ನೋಡಿದರೆ, ಕಾಗದದಷ್ಟು ಬಿಳುಪು. ಅದೇ ಹಳೆಯ ವಿಡಿಯೊವನ್ನು ನನಗೆ ಎರಡರಲ್ಲೂ ತೋರಿಸಿದರು. ಸಿದ್ದಕ್ಕನ ಫೋನಿನಲ್ಲಿ ರೆಪ್ಪೆ ಹಳೆಯ ಗೋಡೆಯ ಮಾಸಿದ ಸುಣ್ಣದ ಹಾಗೆ, ಹೊಸದರಲ್ಲಿ ದಾಳಿಂಬೆ.

"ಹಳೇದೂ ಸುಳ್ಳೇ ಹೇಳ್ತಿತ್ತು ಕಣಪ್ಪ. ಆದ್ರೆ ಎಷ್ಟು ಸುಳ್ಳು ಹೇಳ್ತೈತೆ ಅಂತ ನಂಗೆ ಗೊತ್ತಿತ್ತು," ಅಂದರು. "ಇದರ ಅಳತೆ ಇನ್ನೂ ಸಿಕ್ಕಿಲ್ಲ."

ಅವರು ಬಂದದ್ದು ಜಗಳಕ್ಕಲ್ಲ. ಹನ್ನೆರಡು ದಿನದಿಂದ ಒಂದು ವಿಡಿಯೊ ಕೂಡ ಬಂದಿಲ್ಲ, ಫೋನು ಕೆಟ್ಟಿರಬೇಕು, ನೋಡು ಎಂದು ಮುಂದಕ್ಕೆ ತಳ್ಳಿದರು. ನೋಡಿದೆ. ನೆಟ್‌ವರ್ಕ್ ಇತ್ತು, ಡೇಟಾ ಇತ್ತು, ಜಾಗ ಇತ್ತು. ಫೋನು ಸರಿಯಾಗಿಯೇ ಇತ್ತು. ಜನರೇ ಕಳಿಸುವುದು ನಿಲ್ಲಿಸಿದ್ದರು.

ಆದರೆ ಬಣ್ಣದ ತಪ್ಪು ಎಲ್ಲಿದೆ ಎಂದು ಪರದೆ ಕಂಡ ಕ್ಷಣವೇ ನನಗೆ ಹೊಳೆದಿತ್ತು. ಶೋಕೇಸಿಗೆ ಇಡುವ ಪ್ರತಿ ಫೋನಿಗೂ ಸೆಟ್ಟಿಂಗ್ಸಿಗೆ ಹೋಗಿ ಬಣ್ಣವನ್ನು ಒಂದು ಪಟ್ಟು ಏರಿಸಿ ಇಡುವುದು ನನ್ನ ಕೈಯೇ. ಹಾಗಿಟ್ಟರೆ ಬಾಡಿದ ಟೊಮ್ಯಾಟೊ ಕೂಡ ತಾಜಾ ಕಾಣುತ್ತದೆ, ಗಿರಾಕಿ ಒಳಗೆ ಬರುತ್ತಾನೆ. ಮೂರು ಸಲ ಬೆರಳು ಒತ್ತಿ ಅದನ್ನು ತೆಗೆದೆ. ದಾಳಿಂಬೆ ಅವರ ಕಣ್ಣೆದುರೇ ಬಿಳುಚಿಕೊಂಡಿತು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ, ದುಡ್ಡು ವಾಪಸ್ ಕೊಡುತ್ತೇನೆ ಅಂದೆ.

ಅವರು ಶೋಕೇಸಿನಲ್ಲಿ ಹೊಳೆಯುತ್ತಿದ್ದ ಎಂಟು ಫೋನುಗಳನ್ನು ಒಂದೊಂದಾಗಿ ನೋಡಿದರು.

"ಉಪ್ಪು ತಿನ್ಸಿದ್ದನ್ನ ನಲವತ್ತು ವರ್ಷ ಹಿಡ್ದೋನು ನಾನು. ನಿನ್ನ ಅಂಗಡೀಲಿ ಹಿಡಿಯಕ್ಕಾಗಲಿಲ್ಲ," ಎಂದರು. ದುಡ್ಡು ಬೇಡ, ಮೂರು ದಿನ ಮುಗಿದಿದೆ, ಮಾತು ಮಾತೇ ಎಂದರು. ಆದರೆ ಲತಾಗೆ ಇದನ್ನು ನೀನೇ ಹೇಳಬೇಕು ಅಂದರು.

ಅವರ ಫೋನಿನಿಂದಲೇ ವಿಡಿಯೊ ಕಾಲ್ ಮಾಡಿ, ಗುರುತಿಲ್ಲದ ಹೆಣ್ಣುಮಗಳಿಗೆ ನನ್ನ ವ್ಯಾಪಾರದ ಬುದ್ಧಿಯನ್ನೆಲ್ಲ ಒಪ್ಪಿಸಿದೆ. ಆಕೆ ದೊಡ್ಡಪ್ಪನಿಗೆ ಕೊಡ್ರಿ ಅಂದಳು.

"ದೊಡ್ಡಪ್ಪ, ನೀನು ನೊಂದ್ಕೊಂಡಿದೀಯ ಅಂತ ನಾವ್ಯಾರೂ ವಿಡಿಯೊ ಕಳಿಸಿಲ್ಲ. ಒಂಬತ್ತು ಉಳಿದಾವೆ, ಒಂದು ಮೇವು ಬಿಟ್ಟೈತೆ. ನೋಡ್ತೀಯಾ?"

ಅದು ನಿಜವೋ, ಆಕೆಯ ದೊಡ್ಡತನವೋ ನನಗೆ ಗೊತ್ತಿಲ್ಲ. ತಿಮ್ಮರಾಯಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಪರದೆ ಒರೆಸಿದರು. ಆಕೆ ಕುರಿಯ ರೆಪ್ಪೆ ಎಳೆದು ತೋರಿಸಿದಳು. ಹೊಸದರ ಉಪ್ಪು ಇಳಿದಿತ್ತು, ಬಣ್ಣ ನಿಜವಾದ್ದೇ. ಇವರು ನೋಡಿದರು, ನೋಡಿದರು, ಹಿಂದೆಂದೂ ಅವರ ಬಾಯಲ್ಲಿ ಬಾರದ ಮಾತು ಆಡಿದರು.

"ಗೊತ್ತಾಗ್ತಿಲ್ಲ ಕಣವ್ವ. ಬೆಳಗ್ಗೆ ಮೊದ್ಲನೇ ಬಸ್ಸಿಗೆ ನಾನೇ ಬರ್ತೀನಿ."

ಈಗ ವಿಡಿಯೊಗಳು ಮತ್ತೆ ಬರುತ್ತಿವೆ. ಅರ್ಧಕ್ಕರ್ಧಕ್ಕೆ ಅವರು ಗೊತ್ತಾಗ್ತಿಲ್ಲ ಅನ್ನುತ್ತಾರೆ, ಕೋಲೂರಿಕೊಂಡು ಬಸ್ಸು ಹತ್ತುತ್ತಾರೆ. ಮಂಡಿ ಉಳಿಸಬೇಕಿದ್ದ ಫೋನಿನಿಂದ ತಿರುಗಾಟ ಎರಡು ಪಟ್ಟಾಗಿದೆ. ಮುಖದಲ್ಲಿ ಮಾತ್ರ ಹಳೆಯ ಗತ್ತು. ನನ್ನ ಶೋಕೇಸು ಈಗಲೂ ಹೊಳೆಯುತ್ತದೆ, ಹೊಟ್ಟೆಪಾಡು ನೋಡಬೇಕಲ್ಲ. ಮಾರಿದ ಮೇಲೆ ಮಾತ್ರ ಬಣ್ಣ ಇಳಿಸಿ ಕೊಡುತ್ತೇನೆ. ಅಂಗಡಿಯಲ್ಲಿ ತೋರಿಸಿದ್ದೇ ಬೇರೆ, ಕೊಟ್ಟಿದ್ದೇ ಬೇರೆ, ಮೋಸಗಾರ ಎಂದು ವಾರಕ್ಕೊಬ್ಬರಾದರೂ ಬಂದು ಜಗಳ ತೆಗೆಯುತ್ತಾರೆ.

ಮೊನ್ನೆ ಬಸ್ಸಿಗೆ ಕಾಯುತ್ತ ತಿಮ್ಮರಾಯಪ್ಪ ನನ್ನ ಬೆಂಚಿನ ಮೇಲೆ ಕುಳಿತಿದ್ದಾಗ, ಹೊಸ ಮಾಡೆಲ್ ತೆಗೆದುಕೊಳ್ಳಲು ಬಂದ ಮುರುಗಪ್ಪ ಎಂಬ ಮೇಷ್ಟರು ಅವರ ಅಭಿಪ್ರಾಯ ಕೇಳಿದರು. ಹಳೆಯದನ್ನು ಬಿಟ್ಟು ಇದನ್ನು ಕೊಂಡರೆ ಲಾಭವಿದೆಯೇ ಎಂದು.

"ಹಳೇದು ನಿಮಗೆ ಎಷ್ಟು ಸುಳ್ಳು ಹೇಳ್ತೈತೆ, ಗೊತ್ತೈತಾ?" ಎಂದರು ತಿಮ್ಮರಾಯಪ್ಪ. "ಗೊತ್ತಿದ್ರೆ ಇಟ್ಕಳ್ರಿ."

ಮೇಷ್ಟರು ಯೋಚಿಸಿ, ತೆಗೆದಿದ್ದ ಪರ್ಸನ್ನು ಮತ್ತೆ ಜೇಬಿಗಿಟ್ಟುಕೊಂಡು ಹೊರಟುಹೋದರು. ಆ ತೀರ್ಪಿನ ಟೀಯನ್ನೂ ನಾನೇ ಕುಡಿಸಬೇಕಾಯಿತು.