ಬಾಗಿಲಲ್ಲಿ ಅಂಗಿ ಎತ್ತಿ ನೋಡುವವಳು

ನನ್ನ ಅಕ್ಷರ ಕೋಳಿ ಕಾಲಿನ ಹಾಗಿದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಓದುವವರು ಬೇಸರ ಮಾಡಿಕೊಳ್ಳಬಾರದು. ಇದು ನಮ್ಮ ಚಿಕ್ಕಮ್ಮನ ವಿಷಯ.

ಹೊಲಿಗೆ ಕಾರ್ಖಾನೆಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅವಳ ಬಳಿ ಬಿಟ್ಟು ಹೋಗುತ್ತಿದ್ದರು. ಇರುವುದು ಒಂದೇ ಕೋಣೆ, ಒಂದೇ ಕಿಟಕಿ. ಅವಳು ಚಿಕ್ಕವಳಿದ್ದಾಗ ಅವಳ ತಮ್ಮ ದಡಾರದಿಂದ ತೀರಿಕೊಂಡ. ಅವನ ಹೊಟ್ಟೆ, ಬೆನ್ನಿನ ತುಂಬ ಎದ್ದಿದ್ದ ಕೆಂಪು ದದ್ದು ಅವಳ ಕಣ್ಣಿನಿಂದ ಇನ್ನೂ ಹೋಗಿಲ್ಲ. ಅದಕ್ಕೇ ಬಾಗಿಲಲ್ಲಿ ಪ್ರತಿ ಮಗುವಿನ ಅಂಗಿ ಎತ್ತಿ ನೋಡಿಯೇ ಒಳಗೆ ಬಿಡುತ್ತಿದ್ದಳು. ತಾಯಂದಿರು ‘ಗೇಟ್ ಪೊಲೀಸಮ್ಮ’ ಎಂದು ಆಡಿಕೊಳ್ಳುತ್ತಿದ್ದರು.

ಆ ಸೋಮವಾರ ಗುಂಡಿ ಹೊಲಿಯುವವಳ ಮಗಳು ಪುಟ್ಟಿ ಬಂದಾಗ ಕಣ್ಣು ಕೆಂಪಗಿತ್ತು, ಮೂಗು ಸೋರುತ್ತಿತ್ತು, ಮೈ ಬಿಸಿಯಾಗಿತ್ತು. ಕೆಮ್ಮು ಬೇರೆ. ಚಿಕ್ಕಮ್ಮ ಅಂಗಿ ಎತ್ತಿದಳು. ಹೊಟ್ಟೆ ನುಣುಪಾಗಿತ್ತು.

"ನೆಗಡಿ ಅಷ್ಟೇ ಅಕ್ಕ. ರಜಾ ಹಾಕಿದ್ರೆ ಸೂಪರ್‌ವೈಸರ್ ನನ್ನನ್ನೇ ಹೊಲಿದು ಹಾಕ್ತಾನೆ," ಎಂದಳು ತಾಯಿ.

ಚಿಕ್ಕಮ್ಮ ನಕ್ಕು ಒಳಗೆ ಬಿಟ್ಟಳು. ತನ್ನ ಮಗಳ ಏಳು ತಿಂಗಳ ಕೂಸಿನ ಪಕ್ಕದಲ್ಲೇ ಪುಟ್ಟಿಯನ್ನು ಮಲಗಿಸಿ, ಚಳಿಯೆಂದು ಕಿಟಕಿಯನ್ನೂ ಮುಚ್ಚಿದಳು.

ಗುರುವಾರದಿಂದ ಪುಟ್ಟಿ ಬರಲಿಲ್ಲ. ನೆಂಟರ ಮನೆಗೆ ಹೋಗಿದ್ದಾಳೆ ಎಂದು ತಾಯಿ ಹೇಳಿ ಕಳಿಸಿದ್ದಳು. ಮುಂದಿನ ವಾರ ಆಸ್ಪತ್ರೆಯ ನರ್ಸ್ ಮನೆಗೆ ಬಂದಾಗಲೇ ನಿಜ ತಿಳಿದದ್ದು: ಪುಟ್ಟಿಗೆ ಕಿವಿಯ ಹಿಂದಿನಿಂದ ಶುರುವಾಗಿ ಮುಖ, ಮೈಯೆಲ್ಲ ದಡಾರ. ದದ್ದು ಏಳುವ ನಾಲ್ಕು ದಿನ ಮೊದಲೇ ಅದು ಅಂಟುತ್ತದಂತೆ. ಕೆಮ್ಮಿದ ಮಗು ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಒಂದೆರಡು ಗಂಟೆ ಉಳಿದಿರುತ್ತದಂತೆ. ಉಳಿದ ಮಕ್ಕಳಿಗೆ ದಡಾರದ ಲಸಿಕೆ ಎರಡೂ ಸಲ ಆಗಿತ್ತು. ಪುಟ್ಟಿಗೆ ಮಾತ್ರ, ಜ್ವರ ಬರುತ್ತದೆಂದು ಹೆದರಿ, ತಾಯಿ ಹಾಕಿಸಿರಲಿಲ್ಲ.

ಚಿಕ್ಕಮ್ಮ ಕೇಳಿದ್ದು ಒಂದೇ. "ನಮ್ಮ ಕೂಸಿಗೆ?"

"ಮೊದಲನೇದು ಒಂಬತ್ತು ತಿಂಗಳಿಗೆ ಅಕ್ಕ. ಅಲ್ಲೀತನಕ ಸುತ್ತ ಇರೋ ಮಕ್ಕಳಿಗೆ ಹಾಕ್ಸಿದ್ರೇನೇ ಅದಕ್ಕೆ ಕಾವಲು." ಜ್ವರ ಬಂದರೆ ನೇರ ಆಸ್ಪತ್ರೆಗೆ ನುಗ್ಗದೆ ಮೊದಲು ಫೋನ್ ಮಾಡಬೇಕು, ಬೇರೆ ಮಕ್ಕಳಿಗೆ ತಾಗದಂತೆ ಹಿಂದಿನ ಬಾಗಿಲಿಂದ ಒಳಗೆ ಕರೆದುಕೊಳ್ಳುತ್ತೇನೆ ಎಂದೂ ನರ್ಸ್ ಹೇಳಿದಳು.

ಅವತ್ತೇ ಚಿಕ್ಕಮ್ಮ ಮಕ್ಕಳನ್ನು ನೋಡಿಕೊಳ್ಳುವುದನ್ನು ನಿಲ್ಲಿಸಿದಳು. ಕಿಟಕಿ ಹಗಲೆಲ್ಲ ತೆರೆದೇ ಇರುತ್ತದೆ.

ಇವತ್ತು ಬೆಳಿಗ್ಗೆ ದೀಪ ಹಾಕಿದ ಕೂಡಲೇ ಕೂಸು ಮುಖ ತಿರುಗಿಸಿತು. ಕಣ್ಣಂಚು ಕೆಂಪಾಗಿತ್ತು. ಚಿಕ್ಕಮ್ಮ ಅಭ್ಯಾಸಬಲದಿಂದ ಅಂಗಿ ಎತ್ತಿದಳು.

"ಹೊಟ್ಟೇಲಿ ಏನೂ ಇಲ್ಲ ನೋಡೇ," ಎಂದಳು ನನಗೆ. ಆದರೆ ಅವಳ ಇನ್ನೊಂದು ಕೈ ಕೂಸಿನ ಹಣೆಯ ಮೇಲಿತ್ತು. ಅದನ್ನು ತೆಗೆಯಲೇ ಇಲ್ಲ.

ನಾನು ಈಗ ನರ್ಸಿಗೆ ಫೋನ್ ಮಾಡುತ್ತೇನೆ.